ಬರಿಗಾಲಿನ ಗುರು ಸಂತ ಜೋಸೆಫ್ ವಾಜ್

ಕೆಳದಿಯ ರಾಣಿ ಚೆನ್ನಮ್ಮಾಜಿಯ ಹೆಸರು ಕೇಳದ ಕನ್ನಡ ವಿದ್ಯಾರ್ಥಿ ಇರಲಿಕ್ಕಿಲ್ಲ. ಔರಂಗಜೇಬನ ಸೈನ್ಯಕ್ಕೆ ಅಂಜದೆ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟ ದಿಟ್ಟ ರಾಣಿ ಆಕೆ. ಘಟ್ಟದ ಮೇಲಿನ ಬಿದನೂರು ಆಕೆಯ ರಾಜಧಾನಿ. ಘಟ್ಟದ ಕೆಳಗೆ ಗಂಗೊಳ್ಳಿ, ಬಸ್ರೂರು, ಬಾರ್ಕೂರು, ಕಲ್ಯಾಣಪುರ, ಮಂಗಳೂರುಗಳ ಕಡಲತೀರವೂ ಆಕೆಯ ಆಳ್ವಿಕೆಗೆ ಸೇರಿತ್ತು. ಆ ಊರುಗಳ ನಡುವೆ 1681ರಿಂದ 1684ರವರೆಗೆ ಒಬ್ಬ ಯುವ ಕ್ರೈಸ್ತ ಗುರು ಕಾಲಿಗೆ ಚಪ್ಪಲಿ ಸಹ ಇಲ್ಲದೆ ನಡೆದಾಡುತ್ತಿದ್ದರು. ಚೆನ್ನಮ್ಮಾಜಿಯ ಪಾಠ ಮಾಡುವಾಗ ನಾವು ಅವರ ಹೆಸರು ಹೇಳುವುದಿಲ್ಲ, ಪಠ್ಯಪುಸ್ತಕದಲ್ಲೂ ಅದಿಲ್ಲ. ಆದರೆ 2015ರಲ್ಲಿ ಪೋಪ್ ಫ್ರಾನ್ಸಿಸರು ಕೊಲಂಬೋ ನಗರದಲ್ಲಿ ಅವರನ್ನು ಸಂತರೆಂದು ಸಾರಿದಾಗ, ಶ್ರೀಲಂಕಾ ಮತ್ತು ಗೋವಾದ ಜನರ ಜೊತೆಗೆ ನಮ್ಮ ಕರಾವಳಿಯ ಜನರೂ ಅವರು ನಮ್ಮವರು ಎಂದು ಸಂಭ್ರಮಿಸಿದರು. ಅವರೇ ಸಂತ ಜೋಸೆಫ್ ವಾಜ್. ಕೊಂಕಣಿಯಲ್ಲಿ ಜುಜೆ ವಾಜ್.

ಅವರ ಕಥೆ ಹೇಳುವ ಮೊದಲು ಒಂದು ಪದದ ಪರಿಚಯ ಆಗಬೇಕು. ಕನ್ನಡ ಕಥೋಲಿಕರು ದೇವರ ಕೃಪೆಯನ್ನು ವರಪ್ರಸಾದ ಎನ್ನುತ್ತಾರೆ. ಎಷ್ಟು ಸೊಗಸಾದ ಪದ ನೋಡಿ! ಪ್ರಸಾದವನ್ನು ಯಾರೂ ಸಂಪಾದಿಸಿ ಪಡೆಯುವುದಿಲ್ಲ. ಅದು ಕೊಡುವವನ ಕೈಯಿಂದ ಬರುತ್ತದೆ. ಆದರೂ ಪಡೆಯುವವನು ಅಂಗೈ ಒಡ್ಡಬೇಕು, ಕೊಟ್ಟದ್ದನ್ನು ಚೆಲ್ಲಬಾರದು, ಪಕ್ಕದಲ್ಲಿದ್ದವರಿಗೂ ಹಂಚಬೇಕು. ಪರೀಕ್ಷೆ, ಟ್ಯೂಷನ್, ಅಂಕಗಳ ನಡುವೆ ಬೆಳೆಯುವ ಸಿಂಗಪುರದ ನಮ್ಮ ಮಕ್ಕಳಿಗೆ ಎಲ್ಲವನ್ನೂ ದುಡಿದೇ ಗಳಿಸಬೇಕು ಎಂದು ನಾವೇ ಕಲಿಸಿದ್ದೇವೆ. ಕ್ರೈಸ್ತ ಧರ್ಮದಲ್ಲಿ ಪಾವಿತ್ರ್ಯ ಹಾಗೆ ಗಳಿಸುವ ಅಂಕವಲ್ಲ. ಮೊದಲು ದೇವರು ಕೊಡುತ್ತಾನೆ, ಮನುಷ್ಯ ತನ್ನ ಬಾಳಿನಿಂದ ಅದಕ್ಕೆ ಉತ್ತರ ಕೊಡುತ್ತಾ ಹೋಗುತ್ತಾನೆ, ಉತ್ತರ ಕೊಡುತ್ತಲೇ ಬೆಳೆಯುತ್ತಾನೆ. ಜೋಸೆಫ್ ವಾಜರ 59 ವರ್ಷಗಳ ಬಾಳು ಅಂಥ ಒಂದು ದೀರ್ಘ ಉತ್ತರ.

ಅವರು ಹುಟ್ಟಿದ್ದು 1651ರ ಏಪ್ರಿಲ್ 21ರಂದು, ಗೋವಾದ ಸಾಸಷ್ಟಿ ಸೀಮೆಯ ಬಾಣಾವಲಿಯಲ್ಲಿ, ತಾಯಿಯ ತವರೂರಿನಲ್ಲಿ. ತಂದೆ ಕ್ರಿಸ್ತೊವಾಂವ್ ವಾಜ್ ಸಾಂಕವಾಳ ಊರಿನವರು, ನಾಯಕ ಮನೆತನದವರು. ತಾಯಿ ಮರಿಯಾ ದೆ ಮಿರಾಂಡ. ಹಿಂದೆ ಬ್ರಾಹ್ಮಣರಾಗಿದ್ದು ಕ್ರೈಸ್ತರಾದ ಕುಟುಂಬ. ಆರು ಮಕ್ಕಳಲ್ಲಿ ಜೋಸೆಫ್ ಮೂರನೆಯವರು. ಹುಟ್ಟಿದ ಎಂಟನೆಯ ದಿನ ಊರಿನ ಸಂತ ಯೊವಾನ್ನರ ದೇವಾಲಯದಲ್ಲಿ ಅವರ ದೀಕ್ಷಾಸ್ನಾನ ನಡೆಯಿತು. ಮನೆಯ ಮಾತು ಕೊಂಕಣಿ. ಸಾಂಕವಾಳದಲ್ಲಿ ಪೋರ್ಚುಗೀಸ್, ಬಾಣಾವಲಿಯಲ್ಲಿ ಲ್ಯಾಟಿನ್ ಕಲಿತು, ಮುಂದೆ ಗೋವಾ ನಗರದ ಜೆಸ್ವಿತರ ಸಂತ ಪೌಲರ ಕಾಲೇಜಿನಲ್ಲಿಯೂ ದೊಮಿನಿಕನ್ನರ ವಿದ್ಯಾಲಯದಲ್ಲಿಯೂ ಓದಿದರು. 1676ರಲ್ಲಿ ಗುರುದೀಕ್ಷೆ ಪಡೆದರು.

ಆ ಕಾಲದ ಗೋವಾ ಎಂದರೆ ಪೋರ್ಚುಗೀಸ್ ಸಾಮ್ರಾಜ್ಯದ ಪೂರ್ವದ ರಾಜಧಾನಿ. ಗುರುವಾದವನಿಗೆ ಮನ್ನಣೆ, ಮರ್ಯಾದೆ, ಊಟ ಉಪಚಾರ ಯಾವುದಕ್ಕೂ ಕೊರತೆಯಿರಲಿಲ್ಲ. ಇನ್ನೂ 25 ವರ್ಷದ ಈ ಯುವಕ ಮಾಡಿದ ಮೊದಲ ಕೆಲಸ ಪಾದರಕ್ಷೆ ಬಿಟ್ಟದ್ದು. ಊರಿನ ಬಡವರೆಲ್ಲ ಬರಿಗಾಲಿನಲ್ಲಿ ನಡೆಯುವಾಗ ತಾನೊಬ್ಬ ಬೂಟು ಹಾಕಿ ನಡೆಯುವುದು ಅವರಿಗೆ ಸರಿ ಕಾಣಲಿಲ್ಲ. ಸಾಂಕವಾಳದಲ್ಲಿ ಹುಡುಗರಿಗಾಗಿ ಒಂದು ಲ್ಯಾಟಿನ್ ಶಾಲೆ ತೆರೆದರು. ಬೋಧಕರಾಗಿ, ಪಾಪನಿವೇದನೆ ಕೇಳುವ ಗುರುವಾಗಿ ಹೆಸರು ಬೇಗ ಬೆಳೆಯಿತು.

1677ರ ಆಗಸ್ಟ್ 5ರಂದು ಅವರು ಒಂದು ಪತ್ರ ಬರೆದು ಸಹಿ ಮಾಡಿದರು. ಅದೊಂದು ದಾಸ್ಯಪತ್ರ. ಅದರಲ್ಲಿ ತಮ್ಮನ್ನು ಮಾತೆ ಮರಿಯಮ್ಮನವರಿಗೆ ಜೀವನಪೂರ್ತಿ ಗುಲಾಮನಾಗಿ ಒಪ್ಪಿಸಿಕೊಂಡರು. ಇಂದು ಓದುವವರಿಗೆ ಇದು ಕೇವಲ ಭಕ್ತಿಯ ಮಾತಾಗಿ ಕಾಣಬಹುದು. ಆದರೆ ಆ ದಿನಗಳಲ್ಲಿ ಗೋವಾದಲ್ಲಿ ಮನುಷ್ಯರನ್ನು ನಿಜವಾಗಿಯೂ ಕೊಂಡು ಮಾರುತ್ತಿದ್ದರು ಎಂಬುದನ್ನು ನೆನಪಿಡಬೇಕು. ಮೇಲ್ಜಾತಿಯ ಮನೆತನದಲ್ಲಿ ಹುಟ್ಟಿ, ಎರಡು ಕಾಲೇಜು ಓದಿದ ಗುರುವೊಬ್ಬರು ಸಮಾಜದ ಅತ್ಯಂತ ಕೆಳಗಿನ ಸ್ಥಾನದ ಹೆಸರನ್ನೇ ತಮಗಾಗಿ ಆರಿಸಿಕೊಂಡರು. ಆ ಹೆಸರಿಗೆ ತಕ್ಕ ಹಾಗೆ ಬದುಕುವ ಪರೀಕ್ಷೆಗಳು ಒಂದೊಂದಾಗಿ ಮುಂದೆ ಬಂದವು.

ಅವರ ಮನಸ್ಸು ತುಡಿಯುತ್ತಿದ್ದುದು ಸಿಲೋನಿಗಾಗಿ, ಅಂದರೆ ಇಂದಿನ ಶ್ರೀಲಂಕಾಗಾಗಿ. ನಮ್ಮ ಮಕ್ಕಳಲ್ಲಿ ಹಲವರು ರಜೆಯಲ್ಲಿ ಮಲಾಕಾಗೆ ಹೋಗಿ ಬಂದಿದ್ದಾರೆ. ಅಲ್ಲಿನ ಗುಡ್ಡದ ಮೇಲೆ ಪೋರ್ಚುಗೀಸರು ಕಟ್ಟಿದ ಸಂತ ಪೌಲರ ದೇವಾಲಯದ ಪಾಳುಗೋಡೆಗಳನ್ನೂ, ಗುಡ್ಡದ ಬುಡದಲ್ಲಿ ಡಚ್ಚರು ಕಟ್ಟಿದ ಕೆಂಪು ಕಟ್ಟಡಗಳನ್ನೂ ನೋಡಿದ್ದಾರೆ. 1641ರಲ್ಲಿ ಮಲಾಕಾವನ್ನು ಪೋರ್ಚುಗೀಸರಿಂದ ಕಸಿದುಕೊಂಡ ಅದೇ ಡಚ್ ಕಂಪನಿ 1656ರಲ್ಲಿ ಕೊಲಂಬೋವನ್ನೂ 1658ರಲ್ಲಿ ಜಾಫ್ನಾವನ್ನೂ ಗೆದ್ದುಕೊಂಡಿತು. ಡಚ್ಚರು ಪ್ರೊಟೆಸ್ಟೆಂಟರು. ತಮ್ಮ ವಶಕ್ಕೆ ಬಂದ ಕರಾವಳಿಯಲ್ಲಿ ಕಥೋಲಿಕ ಗುರುಗಳು ಕಾಲಿಡಕೂಡದೆಂದು ಆಜ್ಞೆ ಮಾಡಿದರು. ಗುರುಗಳಿಲ್ಲ, ಬಲಿಪೂಜೆಯಿಲ್ಲ, ಸಾಯುವವರಿಗೆ ಕೊನೆಯ ಸಂಸ್ಕಾರವಿಲ್ಲ. ಒಂದು ತಲೆಮಾರು ಹೀಗೇ ಕಳೆದುಹೋಯಿತು. ಆ ಸುದ್ದಿ ಗೋವಾಕ್ಕೆ ತಲುಪಿದಾಗ ವಾಜರು ಅಲ್ಲಿಗೆ ಹೋಗಲು ಅನುಮತಿ ಕೇಳಿದರು.

ಮೇಲಿನವರು ಅವರನ್ನು ಸಿಲೋನಿಗೆ ಕಳಿಸಲಿಲ್ಲ. ಕಳಿಸಿದ್ದು ಕೆನರಾಕ್ಕೆ, ಅಂದರೆ ನಮ್ಮ ಕರಾವಳಿಗೆ. ಅದೂ ಒಂದು ಜಗಳದ ನಡುವೆ. ಈ ಭಾಗಕ್ಕೆ ಗುರುಗಳನ್ನು ನೇಮಿಸುವ ಹಕ್ಕು ಪೋರ್ಚುಗಲ್ ದೊರೆಗೆ ಸೇರಿದ್ದು ಎಂದು ಗೋವಾ ಹೇಳುತ್ತಿತ್ತು. ಇತ್ತ ರೋಮ್ ನೇರವಾಗಿ ನೇಮಿಸಿದ ಧರ್ಮಾಧ್ಯಕ್ಷ ತೋಮಸ್ ದೆ ಕಾಸ್ತ್ರೊ ಮಂಗಳೂರಿನಲ್ಲಿದ್ದರು. ಅವರೂ ಗೋವಾದವರೇ. ಯಾರ ಮಾತು ಕೇಳಬೇಕೆಂದು ತಿಳಿಯದೆ ಜನ ಎರಡಾಗಿದ್ದರು. ಗೋವಾದ ಪರವಾಗಿ ಬಂದ ವಾಜರು ಗದ್ದಲಕ್ಕೆ ತುಪ್ಪ ಸುರಿಯಬಹುದಿತ್ತು, ಹಾಗೆ ಮಾಡಿದ್ದರೆ ಗೋವಾದಲ್ಲಿ ಭೇಷ್ ಎನ್ನುವವರೂ ಇದ್ದರು. ಅವರು ತಮ್ಮ ಮೇಲಿನವರ ಆಜ್ಞೆಯನ್ನೂ ಮೀರಲಿಲ್ಲ, ಧರ್ಮಾಧ್ಯಕ್ಷರ ಗೌರವಕ್ಕೂ ಕುಂದು ತರಲಿಲ್ಲ. ಜಗಳ ಅವರಿಂದ ಮುಗಿಯಲಿಲ್ಲ ನಿಜ. ಆದರೆ ಆ ಜಗಳದಲ್ಲಿ ಜನ ಕಂಗೆಡದಂತೆ ಅವರು ನೋಡಿಕೊಂಡರು. ಊರೂರು ನಡೆದು ಬಿದ್ದುಹೋದ ದೇವಾಲಯಗಳನ್ನು ಎತ್ತಿ ನಿಲ್ಲಿಸಿದರು, ಮಕ್ಕಳಿಗೆ ಚಿಕ್ಕ ಶಾಲೆಗಳನ್ನು ತೆರೆದರು, ಭಕ್ತರ ಸಂಘಗಳನ್ನು ಕಟ್ಟಿದರು, ಸೆರೆಸಿಕ್ಕವರನ್ನು ಹಣ ತೆತ್ತು ಬಿಡಿಸಿದರು. ಗಂಗೊಳ್ಳಿಯ ಕ್ರೈಸ್ತರು ಇಂದಿಗೂ ಅವರನ್ನು ನೆನೆಯುತ್ತಾರೆ.

ನಮಗೆ ಈ ಮೂರು ವರ್ಷಗಳೇ ಅವರ ಬಾಳಿನ ತಿರುಳೆನಿಸುತ್ತದೆ. ಕೇಳಿದ್ದು ಒಂದು, ಸಿಕ್ಕಿದ್ದು ಇನ್ನೊಂದು. ಸಿಕ್ಕಿದ್ದನ್ನು ಒಲ್ಲದ ಮನಸ್ಸಿನಿಂದ ಮಾಡಿ ಮುಗಿಸಲಿಲ್ಲ, ಅದೇ ದೇವರು ಕೊಟ್ಟದ್ದೆಂದು ಎರಡೂ ಕೈಯಿಂದ ತೆಗೆದುಕೊಂಡರು. ಮುಂದೆ ಸಿಲೋನಿನಲ್ಲಿ ಬೇಕಾದ ತಾಳ್ಮೆ, ಕಾಲುನಡಿಗೆ, ಪರರಾಜ್ಯದಲ್ಲಿ ತಲೆ ತಗ್ಗಿಸಿ ಬಾಳುವ ಜಾಣ್ಮೆ ಎಲ್ಲವನ್ನೂ ಅವರು ಕಲಿತದ್ದು ನಮ್ಮ ಬಸ್ರೂರು, ಬಾರ್ಕೂರುಗಳ ಕೆಮ್ಮಣ್ಣಿನ ದಾರಿಯಲ್ಲೇ.

1684ರಲ್ಲಿ ಅವರು ಗೋವಾಕ್ಕೆ ಮರಳಿದರು. ಆಗ ಅಲ್ಲಿನ ಕೆಲವು ಸ್ಥಳೀಯ ಗುರುಗಳು ಹಳೆಗೋವಾದ ಒಂದು ಗುಡ್ಡದ ಮೇಲೆ ಕೂಡಿ ಬಾಳುತ್ತಿದ್ದರು. ಯುರೋಪಿನಿಂದ ಬಂದ ಸನ್ಯಾಸಿ ಸಂಘಗಳು ಈ ನೆಲದ ಗುರುಗಳನ್ನು ತಮ್ಮವರೆಂದು ಸೇರಿಸಿಕೊಳ್ಳುತ್ತಿರಲಿಲ್ಲ, ಆದ್ದರಿಂದ ಇವರೇ ತಮ್ಮದೊಂದು ಬಳಗ ಕಟ್ಟಲು ಹೊರಟಿದ್ದರು. ವಾಜರು ಅವರನ್ನು ಕೂಡಿಕೊಂಡರು. 1685ರ ಸೆಪ್ಟೆಂಬರ್ 25ರಂದು ಅದು ಸಂತ ಫಿಲಿಪ್ ನೇರಿಯ ಹೆಸರಿನ ಒರೆಟರಿ ಸಭೆಯಾಗಿ ರೂಪುಗೊಂಡಿತು. ಅವರನ್ನೇ ಮುಖ್ಯಸ್ಥರಾಗಿ ಆರಿಸಿದರು. ಆದರೆ ಸಿಲೋನಿನ ಕರೆ ಅವರನ್ನು ಬಿಟ್ಟಿರಲಿಲ್ಲ. ಈ ಬಾರಿ ಅನುಮತಿ ಸಿಕ್ಕಿತು.

1686ರಲ್ಲಿ ಹೊರಟಾಗ ಅವರ ಜೊತೆಗಿದ್ದವರಲ್ಲಿ ಕೊನೆಯವರೆಗೂ ದ್ವೀಪದ ದಾರಿ ಹಿಡಿದವನು ಜುವಾಂವ್ ಎಂಬ ಕುಣಬಿ ಹುಡುಗ, ಮನೆಯ ಆಳು. ಪಶ್ಚಿಮ ಕರಾವಳಿಯುದ್ದಕ್ಕೂ ಇಳಿದು, ತೂತುಕುಡಿಯಿಂದ ಹಡಗು ಹತ್ತಿ, 1687ರ ವಸಂತದಲ್ಲಿ ಜಾಫ್ನಾ ತಲುಪಿದರು. ಗುರುವಿನ ಉಡುಪಿನಲ್ಲಿ ಹೋದರೆ ಡಚ್ಚರು ಹಿಡಿಯುತ್ತಾರೆ. ಆದ್ದರಿಂದ ವಾಜರು ಕೂಲಿಯವನ ವೇಷ ಹಾಕಿದ್ದರು. ಹತ್ತು ವರ್ಷಗಳ ಹಿಂದೆ ಕಾಗದದ ಮೇಲೆ ಬರೆದ ದಾಸ ಎಂಬ ಹೆಸರು ಈಗ ಮೈಮೇಲಿನ ಬಟ್ಟೆಯೂ ಆಯಿತು. ದಾರಿಯ ಕಷ್ಟದಿಂದ ರಕ್ತಭೇದಿ ಹತ್ತಿ ಸಾವಿನ ಬಾಗಿಲಿಗೆ ಹೋಗಿದ್ದರು. ಪರಸ್ಥಳದ ಜನರ ದಯೆಯಿಂದ ಬದುಕಿದರು.

ಮೈ ಚೇತರಿಸಿಕೊಂಡ ಮೇಲೆ ಒಂದು ಸಮಸ್ಯೆ ಎದುರಾಯಿತು. ಇಲ್ಲಿ ಕಥೋಲಿಕರು ಯಾರು? ಕೇಳುವ ಹಾಗಿಲ್ಲ, ಹೇಳುವವರೂ ಇಲ್ಲ. ಅವರು ಭಿಕ್ಷುಕನಾಗಿ ಮನೆಮನೆಗೆ ಹೋದರು, ಕೊರಳಿನಲ್ಲಿ ಮಾತ್ರ ಜಪಸರ ಹಾಕಿಕೊಂಡರು. ಬೇರೆಯವರಿಗೆ ಅದೊಂದು ಮಣಿಸರ. ಗೊತ್ತಿದ್ದವರಿಗೆ ಗುರುತು. ಅದನ್ನು ಕಂಡು ಕಣ್ಣರಳಿಸಿದ ಮನೆಯಲ್ಲಿ ಮೆಲ್ಲಗೆ ಮಾತು ಶುರುವಾಯಿತು. ರಾತ್ರಿ ಬಾಗಿಲು ಮುಚ್ಚಿ ಬಲಿಪೂಜೆ, ಬೆಳಕು ಹರಿಯುವ ಮೊದಲೇ ಬೇರೆ ಊರು. ಸಿಲ್ಲಾಲೈ ಎಂಬ ಹಳ್ಳಿ ಅವರಿಗೆ ಆಸರೆಯಾಯಿತು. ಡಚ್ಚರ ಸೈನಿಕರು ಹುಡುಕಿಕೊಂಡು ಬಂದರು, ಪೂಜೆಗೆ ಸೇರಿದ ಜನರನ್ನು ಹಿಡಿದು ದಂಡಿಸಿದರು. ಗುರು ಮಾತ್ರ ಸಿಗಲಿಲ್ಲ. ನಮ್ಮ ಸಿಂಗಪುರದ ಸಿಲೋನ್ ರಸ್ತೆಯ ಸೆಣ್ಪಗ ವಿನಾಯಕರ್ ದೇವಸ್ಥಾನವನ್ನು ಕಟ್ಟಿ ಬೆಳೆಸಿದ ಸಿಲೋನ್ ತಮಿಳರ ಮೂಲ ನಾಡೂ ಇದೇ ಜಾಫ್ನಾ. ವಾಜರು ಅಲ್ಲಿ ತಮಿಳು ಕಲಿತರು.

1690ರಲ್ಲಿ ಅವರು ಪುತ್ತಳಂ ಕಡೆಗೆ ಹೋದರು. ಅದು ಕ್ಯಾಂಡಿಯ ಸಿಂಹಳ ಅರಸನ ರಾಜ್ಯಕ್ಕೆ ಸೇರಿತ್ತು, ಡಚ್ಚರ ಕೈ ಅಲ್ಲಿಗೆ ಚಾಚುತ್ತಿರಲಿಲ್ಲ. 1692ರಲ್ಲಿ ರಾಜಧಾನಿಯಾದ ಕ್ಯಾಂಡಿಗೇ ಹೊರಟರು. ಊರು ಸೇರುವಷ್ಟರಲ್ಲಿ, ಆಸ್ಥಾನದಲ್ಲಿದ್ದ ಒಬ್ಬ ಫ್ರೆಂಚ್ ಪ್ರೊಟೆಸ್ಟೆಂಟ್ ಇವರು ಪೋರ್ಚುಗೀಸರ ಗೂಢಚಾರ ಎಂದು ದೂರು ಕೊಟ್ಟಿದ್ದ. ಗುರುವನ್ನು ಸೆರೆಗೆ ಹಾಕಿದರು.

ಸೆರೆಯಲ್ಲಿ ಅವರು ಮಾಡಿದ್ದೇನು? ಸಿಂಹಳ ಕಲಿತರು! ಭಾಷಾ ಶಿಕ್ಷಕರಾದ ನಮಗೆ ಈ ಸಂಗತಿ ಓದಿದಾಗಲೆಲ್ಲ ಖುಷಿಯಾಗುತ್ತದೆ. ಕೊಂಕಣಿ, ಪೋರ್ಚುಗೀಸ್, ಲ್ಯಾಟಿನ್, ತಮಿಳು ಆದ ಮೇಲೆ, 40 ದಾಟಿದ ವಯಸ್ಸಿನಲ್ಲಿ, ನಾಳೆ ಏನಾಗುವುದೋ ತಿಳಿಯದ ಸ್ಥಿತಿಯಲ್ಲಿ ಹೊಸ ಭಾಷೆ! ಕಾವಲು ಸ್ವಲ್ಪ ಸಡಿಲವಾದಾಗ ಅಲ್ಲೇ ಒಂದು ಗುಡಿಸಲು ಕಟ್ಟಿ ಅದನ್ನೇ ಪೂಜಾಲಯ ಮಾಡಿಕೊಂಡರು. ಅರಸ ಎರಡನೆಯ ವಿಮಲಧರ್ಮಸೂರ್ಯನು ದೂರದಿಂದ ಎಲ್ಲವನ್ನೂ ಗಮನಿಸುತ್ತಿದ್ದ. ಈತ ಬೌದ್ಧ. ಬುದ್ಧನ ದಂತಧಾತುವಿಗೆ ಮೂರಂತಸ್ತಿನ ಮಂದಿರ ಕಟ್ಟಿಸಿದ ಭಕ್ತ. ಕ್ರೈಸ್ತರಾದ ಡಚ್ಚರು ಬೇಟೆಯಾಡುತ್ತಿದ್ದ ಕ್ರೈಸ್ತ ಗುರುವಿಗೆ ಕೊನೆಗೆ ನೆರಳು ಕೊಟ್ಟದ್ದು ಈ ಬೌದ್ಧ ಅರಸನೇ.

ಆ ನೆರಳು ಸಿಕ್ಕಿದ ಬಗೆಗೆ ಒಂದು ಕಥೆಯಿದೆ. 1696ರಲ್ಲಿ ಕ್ಯಾಂಡಿಗೆ ಬರಗಾಲ ಬಂತು. ಯಾವ ಪೂಜೆ, ಪ್ರಾರ್ಥನೆಯಿಂದಲೂ ಮಳೆ ಬಾರದಾಗ ಅರಸ ವಾಜರನ್ನು ಕೇಳಿಕೊಂಡ. ಅವರು ಬಯಲಿನಲ್ಲಿ ಪೀಠ ಇಟ್ಟು, ಶಿಲುಬೆ ನಿಲ್ಲಿಸಿ, ಮೊಣಕಾಲೂರಿ ಪ್ರಾರ್ಥಿಸಿದರು. ಮಳೆ ಧಾರಾಕಾರವಾಗಿ ಸುರಿಯಿತು, ಅವರು ಮತ್ತು ಆ ಪೀಠ ಮಾತ್ರ ನೆನೆಯಲಿಲ್ಲ ಎಂದು ಹೇಳುತ್ತಾರೆ. ನಂಬುವುದು ಬಿಡುವುದು ಓದುವವರಿಗೆ ಸೇರಿದ್ದು. ಆ ಬಳಿಕ ರಾಜ್ಯದಲ್ಲೆಲ್ಲ ಬೋಧನೆ ಮಾಡಲು ಅರಸ ಅಪ್ಪಣೆ ಕೊಟ್ಟನೆಂಬುದು ಚರಿತ್ರೆ.

ನಮ್ಮನ್ನು ಕೇಳಿದರೆ, ಅದಕ್ಕಿಂತ ದೊಡ್ಡ ಪವಾಡ ಮರುವರ್ಷ ನಡೆಯಿತು. 1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಹಬ್ಬಿತು. ಮುಟ್ಟಿದರೆ ಅಂಟುವ ರೋಗ, ಔಷಧವಿಲ್ಲ, ಲಸಿಕೆ ಬರಲು ಇನ್ನೂ ನೂರು ವರ್ಷ ಬೇಕಿತ್ತು. ಉಳ್ಳವರು ಊರು ಬಿಟ್ಟರು. ಹೆತ್ತವರನ್ನು ಮಕ್ಕಳು, ಮಕ್ಕಳನ್ನು ಹೆತ್ತವರು ಬಿಟ್ಟು ಓಡಿದರು. ರೋಗಿಗಳನ್ನು ಕಾಡಿಗೆ ಸಾಗಿಸಿ ಕೈತೊಳೆದುಕೊಂಡರು. ಅದಕ್ಕೆ ತುಸು ಮೊದಲು ಗೋವಾದಿಂದ ಒರೆಟರಿಯ ಹೊಸ ಗುರುಗಳು ಬಂದಿದ್ದರು. ಅಲ್ಲಿಯವರೆಗೆ ಸುಮಾರು ಒಂಬತ್ತು ವರ್ಷ ಇಡೀ ದ್ವೀಪದಲ್ಲಿ ಅಡಗಿ ನಡೆದ ಕಥೋಲಿಕ ಗುರು ವಾಜರೊಬ್ಬರೇ. ಹೊಸಬರಲ್ಲಿ ಒಬ್ಬರು ಅವರ ಸೋದರಳಿಯ ಜೋಸೆಫ್ ಕಾರ್ವಾಲೊ. ಮಾವ ಅಳಿಯ ಇಬ್ಬರೂ ಊರು ಬಿಡಲಿಲ್ಲ. ಕಾಡಿನಲ್ಲಿ ಬಿದ್ದವರನ್ನು ಹುಡುಕಿ, ಸೂರು ಮಾಡಿ ಮಲಗಿಸಿ, ಹುಣ್ಣು ತೊಳೆದು, ಗಂಜಿ ಕುಡಿಸಿದರು. ಸತ್ತವರನ್ನು ಹೂಳಿದರು. ಬೌದ್ಧ, ಹಿಂದೂ, ಕ್ರೈಸ್ತ ಎಂದು ಕೇಳಲಿಲ್ಲ. ಮಳೆ ಕ್ಷಣದಲ್ಲಿ ಸುರಿದು ಹೋಗುತ್ತದೆ, ಆದರೆ ಸಿಡುಬಿನ ಹುಣ್ಣು ತೊಳೆಯುವ ಕೆಲಸಕ್ಕೆ ನಾಳೆ ಬೆಳಿಗ್ಗೆಯೂ ಏಳಬೇಕು, ನಾಡಿದ್ದೂ ಏಳಬೇಕು. ಇವರು ಇಲ್ಲದಿದ್ದರೆ ರಾಜಧಾನಿಯ ಬೀದಿಗಳು ಹೆಣಗಳಿಂದ ತುಂಬುತ್ತಿದ್ದವು ಎಂದು ಅರಸನೇ ಒಪ್ಪಿಕೊಂಡನಂತೆ.

ಹೀಗೆ ಹೆಸರು ಬಂದಾಗ ಪದವಿಯೂ ಹುಡುಕಿಕೊಂಡು ಬಂತು. 1700ರ ದಶಕದ ಆರಂಭದಲ್ಲಿ ಪುದುಚೇರಿಯಲ್ಲಿ ತಂಗಿದ್ದ ಪೋಪರ ಪ್ರತಿನಿಧಿಗೆ ವಾಜರ ಸಾಹಸ ಕೇಳಿ ಬೆರಗಾಯಿತು. ಅವರನ್ನು ಸಿಲೋನಿನ ಧರ್ಮಾಧ್ಯಕ್ಷರನ್ನಾಗಿ ಮಾಡುವ ಆಲೋಚನೆ ಹೊರಟಿತು. ವಾಜರು ಬೇಡವೆಂದರು. ಮರಿಯಮ್ಮನವರ ದಾಸನಿಗೆ ಸಿಂಹಾಸನ ಯಾಕೆ? ಬರಿಗಾಲಿನಲ್ಲೇ ನಡೆದಾಡುತ್ತ, ಡಚ್ಚರ ಕಣ್ಣು ತಪ್ಪಿಸಿ ಕೊಲಂಬೋ ನೆಗೊಂಬೊಗಳಿಗೂ ಹೋಗಿಬರುತ್ತ, ತಮಿಳಿನಲ್ಲೂ ಸಿಂಹಳದಲ್ಲೂ ಪ್ರಾರ್ಥನೆಗಳನ್ನು ಸಿದ್ಧಮಾಡುತ್ತ ಅವರು ಇದ್ದರು. 1705ರಲ್ಲಿ ಬಂದ ಜಾಕೊಮೆ ಗೊನ್ಸಾಲ್ವಿಸ್ ಎಂಬ ಗುರುವಿಗೆ ಭಾಷೆಯ ಕೆಲಸ ವಹಿಸಿದರು. ಆ ಗೋವಾದ ಮನುಷ್ಯ ಸಿಂಹಳ ಸಾಹಿತ್ಯದಲ್ಲಿ ಇಂದಿಗೂ ಉಳಿದಿರುವ ದೊಡ್ಡ ಹೆಸರಾದರು. ಯಾರಿಗೆ ಯಾವ ಕೆಲಸ ಒಪ್ಪುತ್ತದೆಂದು ತಿಳಿದು ಅವರಿಗೆ ದಾರಿ ಬಿಟ್ಟುಕೊಡುವುದು ಎಲ್ಲ ಹಿರಿಯರಿಗೂ ಬರುವ ಗುಣವಲ್ಲ.

1710ರ ಪ್ರಯಾಣಗಳಲ್ಲಿ ಅವರ ದೇಹ ಸೋತಿತು. ಕ್ಯಾಂಡಿಗೆ ಮರಳಿದವರು ಮತ್ತೆ ದೂರ ಹೋಗಲಾರದಾದರು. 1711ರ ಜನವರಿ 16ರಂದು, 24 ವರ್ಷಗಳ ಸೇವೆಯ ಬಳಿಕ, ಅಲ್ಲೇ ಕಣ್ಣು ಮುಚ್ಚಿದರು. ಒಮ್ಮೆಯೂ ಗೋವಾಕ್ಕೆ ಹಿಂದಿರುಗಲಿಲ್ಲ. ಕೊನೆಯ ಬುದ್ಧಿಮಾತು ಕೇಳಿದ ಸಂಗಡಿಗರಿಗೆ, ಬಾಳೆಲ್ಲ ಮುಂದೂಡಿದ್ದನ್ನು ಸಾಯುವ ಹೊತ್ತಿನಲ್ಲಿ ಮಾಡುವುದು ಸುಲಭವಲ್ಲ ಎಂಬ ಅರ್ಥದ ಮಾತನ್ನು ಅವರು ಹೇಳಿದರೆಂದು ನೆನಪು ಉಳಿದಿದೆ. ಪಾದರಕ್ಷೆ ಬಿಟ್ಟ ದಿನದಿಂದಲೇ ಆ ಸಾಲ ತೀರಿಸುತ್ತ ಬಂದವರ ಬಾಯಲ್ಲಿ ಆ ಮಾತು ಭಾರವಾಗಿ ಕೇಳುವುದಿಲ್ಲ.

1995ರ ಜನವರಿ 21ರಂದು ಪೋಪ್ ಎರಡನೆಯ ಜಾನ್ ಪಾಲರು ಕೊಲಂಬೋದಲ್ಲಿ ಅವರನ್ನು ಧನ್ಯರೆಂದು ಘೋಷಿಸಿದರು. 2015ರ ಜನವರಿ 14ರಂದು ಅದೇ ನಗರದ ಗಾಲ್ ಫೇಸ್ ಕಡಲತೀರದಲ್ಲಿ ಪೋಪ್ ಫ್ರಾನ್ಸಿಸರು ಸಂತಪದವಿ ನೀಡಿದರು. ಸಂತಪದವಿಗೆ ಸಾಮಾನ್ಯವಾಗಿ ಬೇಕಾಗುವ ಎರಡನೆಯ ಪವಾಡದ ಪುರಾವೆಯನ್ನು ಪೋಪರು ಇವರ ವಿಷಯದಲ್ಲಿ ಕೇಳಲಿಲ್ಲ. ಶ್ರೀಲಂಕಾಕ್ಕೆ ಅವರೇ ಮೊದಲ ಸಂತರು.

ರಜೆಗೆ ಊರಿಗೆ ಹೋಗುವ ಮಂಗಳೂರು ಕಡೆಯ ಪೋಷಕರು ಮಕ್ಕಳನ್ನು ಕರೆದುಕೊಂಡು ಒಮ್ಮೆ ಮುಡಿಪು ಗುಡ್ಡಕ್ಕೆ ಹೋಗಿಬರಬಹುದು. ಕೊಣಾಜೆಯ ವಿಶ್ವವಿದ್ಯಾನಿಲಯದಿಂದ ಹೆಚ್ಚು ದೂರವಿಲ್ಲ. ಅಲ್ಲಿ ಸಂತ ಜೋಸೆಫ್ ವಾಜರ ಪುಣ್ಯಕ್ಷೇತ್ರವಿದೆ. ಗುಡ್ಡದಲ್ಲಿ ಅವರು ಊರುಗೋಲಿನಿಂದ ನೆಲ ತಟ್ಟಿದ ಕಡೆಗಳಲ್ಲಿ ನೀರಿನ ಚಿಲುಮೆಗಳು ಹುಟ್ಟಿದವೆಂದು ಊರಿನವರು ನಂಬುತ್ತಾರೆ. ಅವರ ಹಬ್ಬ ಪ್ರತಿ ವರ್ಷ ಜನವರಿ 16ರಂದು.